ನೆಲ ಮುಟ್ಟದ ಕಾಲು

ಭಾನುವಾರದ ಪೂಜೆ ಮುಗಿದು ಇಗರ್ಜಿಯ ಬಾಗಿಲಲ್ಲಿ ಜನ ಒಬ್ಬರಿಗೊಬ್ಬರು ಟೊಪ್ಪಿಗೆ ಎತ್ತುತ್ತಿದ್ದ ಹೊತ್ತಿಗೆ ಕಮ್ಮಾರ ಬೆರ್ತ್ರಾನನಿಗೆ ಒಂದು ಮಾತು ಖಚಿತವಾಯಿತು: ಗಾಡಿ ಸರಿಯಾಗಿದೆ, ಸರಿಯಿಲ್ಲದವನು ತಾನೇ. ಪಾದ್ರಿ ಲ್ಯಾಟಿನ್ನಿನಲ್ಲಿ ಹೇಳುತ್ತ ಹೋದಷ್ಟು ಹೊತ್ತೂ ಅವನು ಮನಸ್ಸಿನಲ್ಲೇ ಆ ಗಾಡಿಯನ್ನು ಬಿಚ್ಚಿ ಮತ್ತೆ ಜೋಡಿಸಿ ನೋಡಿದ್ದ. ಅಚ್ಚು ನೇರವಾಗಿದೆ. ಚಕ್ರಕ್ಕೆ ಬಿಗಿದ ಕಬ್ಬಿಣದ ಪಟ್ಟಿ ಎಲ್ಲೂ ಉಬ್ಬಿಲ್ಲ. ಮುಂದಿನ ಚಕ್ರದ ಅಚ್ಚಿನ ಎರಡು ತುದಿಗೂ ಸಾಣೆಕಲ್ಲಿಗೆ ಇರುವಂಥ ಹಿಡಿ ಕೂಡಿಸಿ, ಆ ಹಿಡಿಗಳಿಗೆ ಪಾದ ಇಡುವ ಪೆಡಲು ಸಿಕ್ಕಿಸಿದ ಕೆಲಸವನ್ನಂತೂ ಬೋರ್ದೋ ಪಟ್ಟಣದ ಯಾವ ಕುಲುಮೆಯವನು ಬಂದು ನೋಡಿದರೂ ಬಾಯಿ ಮುಚ್ಚಿಕೊಂಡು ಹೋಗಬೇಕು. ಊರಿನ ನೋಟರಿಯ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಗಾಡಿ ಅದು. ಒಂದರ ಹಿಂದೆ ಒಂದು ಎರಡು ಮರದ ಚಕ್ರ, ನಡುವೆ ಒಂದು ತೊಲೆ. ನೋಟರಿಯ ಅಪ್ಪನ ಕಾಲದ ಷೋಕಿಲಾಲರು ಅದರ ಮೇಲೆ ಕೂತು ಎರಡು ಕಾಲಿನಿಂದಲೂ ನೆಲ ಒದೆಯುತ್ತ ಓಡುತ್ತಿದ್ದರಂತೆ. ಕೂತುಕೊಂಡೂ ನಡೆಯಬೇಕಾದರೆ ಗಾಡಿ ಯಾಕೆ ಎಂದು ಬೆರ್ತ್ರಾನ್ ನಕ್ಕಿದ್ದ. ಆಮೇಲೊಂದು ದಿನ ಗುದ್ದಲಿ ಸಾಣೆ ಹಿಡಿಯುವಾಗ ಎರಡು ಕೈಗೂ ಬಿಡುವಿಲ್ಲದೆ ಸಾಣೆಕಲ್ಲಿನ ಹಿಡಿಯನ್ನು ಪಾದದಿಂದ ಒತ್ತಿ ತಿರುಗಿಸಿದ್ದ, ಒತ್ತಿದ ಕಾಲು ಅಲ್ಲೇ ನಿಂತುಬಿಟ್ಟಿತ್ತು. ಕುಲುಮೆ ಆರಿ, ಕಬ್ಬಿಣ ತಣ್ಣಗಾಗಿ, ಹೆಂಡತಿ ಕಿತೇರಿ ಊಟಕ್ಕೆ ಕರೆದರೂ ಅವನು ಅದೇ ಭಂಗಿಯಲ್ಲಿದ್ದ.

ಆದರೆ ಏರಿದ ಮೇಲೆ ಬೀಳುತ್ತಿದ್ದ. ಚಳಿಗಾಲ ಕಳೆದಾಗಿನಿಂದ ಕುಲುಮೆಯ ಹಿಂದಿನ ಓಣಿಯಲ್ಲಿ ಎಡಕ್ಕೆ ಬಿದ್ದ, ಬಲಕ್ಕೆ ಬಿದ್ದ, ಒಮ್ಮೆ ಹ್ಯಾಂಡಲಿನ ಮೇಲಿಂದ ಮುಂದಕ್ಕೂ ಬಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಬೆರ್ತ್ರಾನ್ ಆ ಜಾತಿಯವನಲ್ಲ, ನೆಲವನ್ನೂ ಬಯ್ಯಲಿಲ್ಲ, ಗಾಡಿಯನ್ನೂ ಬಯ್ಯಲಿಲ್ಲ. ಎದ್ದು ಮಣ್ಣು ಕೊಡವಿಕೊಂಡು ಇದು ಬಿದ್ದದ್ದಲ್ಲ, ಇಳಿದದ್ದು ಎನ್ನುವ ಮುಖ ಮಾಡುತ್ತಿದ್ದ. ಕೋಸಿನ ಪಾತಿಯಲ್ಲಿ ಬಗ್ಗಿದ್ದ ಕಿತೇರಿ ತಲೆ ಎತ್ತದೆಯೇ, ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗಿಲ್ಲ ಬಿಡಿ ಎನ್ನುತ್ತಿದ್ದಳು. ಒಂದು ಸಲ ಮಾತ್ರ ಅವಳು ಸೊಂಟಕ್ಕೆ ಕೈಕೊಟ್ಟು ನಿಂತು ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, ಸೀಟನ್ನು ಅಷ್ಟು ಮೇಲಕ್ಕೆ ಯಾಕೆ ಇಟ್ಟಿರಿ, ಕಾಲು ಊರೋಕೆ ಬೇಡವಾ ಎಂದು ಕೇಳಿದ್ದಳು. ಸೀಟು ಎತ್ತರವಾಗಿದೆ ಎಂಬುದೇ ಅವನಿಗೆ ಅಲ್ಲಿಯವರೆಗೆ ಕಂಡಿರಲಿಲ್ಲ. ಮನುಷ್ಯ ಒಂದನ್ನು ಏರಿದ ಮೇಲೆ ಅವನ ಪಾದ ನೆಲಕ್ಕೆ ತಾಕಲೇಬೇಕು ಎಂದು ಊರಿನವರಿಗೆ ಅನ್ನಿಸುತ್ತದೆ. ಬಯಲಿನಲ್ಲಿ ಹುಟ್ಟಿದವನಿಗೆ ಹಾಗೆ ಅನ್ನಿಸುವುದಿಲ್ಲ.

ಬಯಲು ಎಂದರೆ ಆಗ ಆಕಾಶ ಮುಗಿಯುವವರೆಗೂ ಬಯಲೇ. ಚಳಿಗಾಲದಲ್ಲಿ ಮೊಣಕಾಲುದ್ದ ನೀರು, ಬೇಸಿಗೆಯಲ್ಲಿ ಸೊಂಟದುದ್ದ ಮುಳ್ಳುಪೊದೆ, ಕುರಿಗಳು ದೂರದಲ್ಲಿ ಬೂದಿ ಚೆಲ್ಲಿದ ಹಾಗೆ. ನೀರು, ಮುಳ್ಳು ದಾಟಲು ಪಾದದಡಿಗೆ ಆಳೆತ್ತರದ ಮರಗಾಲು ಕಟ್ಟಿಕೊಳ್ಳದೆ ಅಲ್ಲಿ ಕುರಿ ಕಾಯುವವನಿಲ್ಲ. ಹಲ್ಲು ಬೀಳುವ ವಯಸ್ಸಿಗೆ ಅಪ್ಪ ಬೆರ್ತ್ರಾನನನ್ನು ಕಿಟಕಿಯ ಕಟ್ಟೆಯ ಮೇಲೆ ಕೂರಿಸಿ ಮರಗಾಲು ಬಿಗಿದು, ನಿಂತರೆ ಬಿದ್ದೆ, ನಡಿ ಎಂದು ಬೆನ್ನಿಗೊಂದು ಕೊಟ್ಟಿದ್ದ. ಮುಂದೆ ಅಣ್ಣ ಮೆಂಜೂ ಹಿಂದಕ್ಕೆ ನಡೆಯುತ್ತ, ನನ್ನ ಮುಖ ನೋಡು, ಕಾಲು ನೋಡಬೇಡ ಎನ್ನುತ್ತಿದ್ದ. ಆ ಮುಖವನ್ನು ನೋಡುತ್ತಲೇ ಅವನು ನಡೆದದ್ದು. ಅಪ್ಪ ತೀರಿಕೊಂಡ ವರ್ಷ ಕುರಿ ಅಣ್ಣನದಾಯಿತು, ತಮ್ಮ ಈ ಊರಿಗೆ, ಲಾಬುಹೇರಿನ ಕಮ್ಮಾರನ ಮನೆಗೆ, ಮನೆಅಳಿಯನಾಗಿ ಬಂದ. ಊರಿನ ಕಲ್ಲುಹಾಸಿನ ಮೇಲೆ ಮರಗಾಲಿಲ್ಲದೆ ನಡೆಯುವುದನ್ನು ಅವನು ಹೊಸದಾಗಿ ಕಲಿಯಬೇಕಾಯಿತು. ಮೊದಲ ವರ್ಷವೆಲ್ಲ ಅವನು ಕೊಕ್ಕರೆಯಂತೆ ಕಾಲೆತ್ತಿ ಹಾಕುವುದನ್ನು ನೋಡಲೆಂದೇ ಹೆಂಗಸರು ನೀರಿಗೆ ಬರುತ್ತಿದ್ದರು. ಆ ನಗೆಯನ್ನು ಅವನು ಮರೆತಿಲ್ಲ. ಮರೆಯದೆಯೇ ಊರಿನವನಾದ. ಆಮೇಲೆ ಪ್ಯಾರಿಸ್ಸಿನಿಂದ ಕಾನೂನು ಬಂತು. ಬಯಲಿಗೆ ಕಾಲುವೆ ತೋಡಿ ನೀರು ಬಸಿಯಬೇಕು, ಪೈನ್ ಮರ ನೆಡಬೇಕು. ಕಾಲುವೆಗೆ ಗುದ್ದಲಿ ಬೇಕು, ನೆಡುವುದಕ್ಕೆ ಹಾರೆ ಬೇಕು, ಬೆರ್ತ್ರಾನನ ಕುಲುಮೆ ಆರಲೇ ಇಲ್ಲ. ಮನೆಗೆ ಹೆಂಚಿನ ಮಾಡಾಯಿತು, ಕಿತೇರಿಗೆ ಗಡಿಯಾರ ಬಂತು. ಕಾಡು ನೆಟ್ಟವನು ನಾನಲ್ಲ, ಗುದ್ದಲಿ ಮಾಡಿದೆ ಅಷ್ಟೆ ಎಂದು ಅವನು ಕೇಳದವರಿಗೂ ಹೇಳುತ್ತಿದ್ದ. ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗಿತ್ತು ಆ ಮಾತು. ಅವನಿಗೂ ಅದು ಗೊತ್ತಿತ್ತು.

ಮೇವಿಲ್ಲದೆ ಮೆಂಜೂ ಕುರಿ ಮಾರಿದ. ಗುಡಿಸಲಿದ್ದ ಜಾಗದಲ್ಲಿ ಎದೆಮಟ್ಟದ ಪೈನ್ ಗಿಡಗಳು ಸಾಲಾಗಿ ನಿಂತ ಮೇಲೆ, ತಮ್ಮನೇ ಹೋಗಿ ಕರೆದದ್ದಕ್ಕೆ, ಬಂದು ಕುಲುಮೆಯ ಪಕ್ಕದ ಗಾಡಿಕೊಟ್ಟಿಗೆಯ ಅಟ್ಟದಲ್ಲಿ ಉಳಿದ. ಮನೆಯೊಳಗೆ ಬರಲಿಲ್ಲ. ಕಿತೇರಿ ಕೊಟ್ಟ ಮೆಕ್ಕೆಜೋಳದ ಗಂಜಿಯನ್ನು ಹೊಸ್ತಿಲ ಮೆಟ್ಟಿಲ ಮೇಲೆ ಕೂತು ತಿನ್ನುತ್ತಾನೆ, ಬಟ್ಟಲು ತಾನೇ ತೊಳೆದಿಡುತ್ತಾನೆ. ಚಳಿಗಾಲದಲ್ಲಿ ರಸ್ತೆ ಮುಳುಗಿದಾಗ ಮರಗಾಲು ಕಟ್ಟಿಕೊಂಡು ಒಕ್ಕಲು ಮನೆಗಳಿಗೆ ಟಪಾಲು ತಲುಪಿಸಿ ಬರುತ್ತಾನೆ. ಉಳಿದ ದಿನಗಳಲ್ಲಿ ಕಾಲುಚೀಲ ಹೆಣೆಯುತ್ತಾನೆ. ಬಯ್ಯುವುದಿಲ್ಲ. ಬಯ್ದಿದ್ದರೆ ಬೆರ್ತ್ರಾನ್ ಉತ್ತರಿಸಿಬಿಡುತ್ತಿದ್ದ, ಉತ್ತರಗಳೆಲ್ಲ ಅವನಲ್ಲಿ ಕಾಸಿ ಬಡಿದು ಸಿದ್ಧವಾಗಿದ್ದವು. ಹೊಸ್ತಿಲ ಮೇಲಿನ ಆ ಬೆನ್ನು ಮಾತ್ರ ಅವನು ಊಟದ ಮೇಜಿನಿಂದ ತಲೆ ಎತ್ತಿದಾಗಲೆಲ್ಲ ಕಾಣುತ್ತದೆ. ಈಗ ಇಗರ್ಜಿಯಿಂದ ಮನೆಗೆ ನಡೆಯುತ್ತ ಬೆರ್ತ್ರಾನ್ ಆ ಬೆನ್ನಿನ ಹತ್ತಿರವೇ ಹೋಗುತ್ತಿದ್ದ. ಬೋರ್ದೋದ ಗಾಡಿ ವ್ಯಾಪಾರಿ ಮಸ್ಯೂ ತಾಸ್ತೆ ಮಧ್ಯಾಹ್ನದ ರೈಲಿಗೆ ಬರುತ್ತಾನೆ. ಒಬ್ಬ ಮನುಷ್ಯ ಎರಡು ಪಾದವನ್ನೂ ನೆಲದಿಂದ ಎತ್ತಿ ಎರಡು ಚಕ್ರದ ಮೇಲೆ ಹೋಗುವುದನ್ನು ಕಣ್ಣಾರೆ ತೋರಿಸಿದರೆ ಇಂಥ ಗಾಡಿಗಳನ್ನು ನಿನ್ನಿಂದಲೇ ಮಾಡಿಸುತ್ತೇನೆ, ಇಲ್ಲವಾದರೆ ರೈಲಿನ ಖರ್ಚು ನಿನ್ನದು ಎಂದು ಹೇಳಿಕಳಿಸಿದ್ದಾನೆ. ಕಾಲುವೆಗಳೆಲ್ಲ ತೋಡಿ ಮುಗಿದಿವೆ, ಗುದ್ದಲಿ ಕೇಳುವವರಿಲ್ಲ. ಅದಕ್ಕಿಂತ ಹೆಚ್ಚಾಗಿ ಬೆರ್ತ್ರಾನನಿಗೆ ತನ್ನ ಗಾಡಿ ಓಡುವುದನ್ನು ನೋಡಬೇಕಿತ್ತು. ಹೋಗುವ ಗಾಡಿ ಅದು. ಅದನ್ನು ಓಡಿಸುವ ಮೈ ಊರಿನಲ್ಲಿ ಒಂದೇ ಇತ್ತು, ಅಣ್ಣನದು, ಮತ್ತು ಆ ಮೈ ನಡೆದಾಡಿದ ನೆಲವನ್ನು ಅಗೆದದ್ದು ಅವನದೇ ಗುದ್ದಲಿಗಳು.

ಮೆಂಜೂ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಕಾಲುಚೀಲದ ಹಿಮ್ಮಡಿ ಹೆಣೆಯುತ್ತಿದ್ದ. ಬೆರ್ತ್ರಾನ್ ಭಾನುವಾರದ ಕೋಟಿನಲ್ಲೇ ಮುಂದೆ ನಿಂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನು ಹೇಳಿದ. ವ್ಯಾಪಾರಿ ಬರುವುದು, ಕುಲುಮೆಗೆ ಆಗುವ ಒಳ್ಳೆಯದು, ಆ ಒಳ್ಳೆಯದರಲ್ಲಿ ಅಣ್ಣನಿಗೂ ಸಲ್ಲಬೇಕಾದ ಪಾಲು. ಹೇಳುತ್ತಿದ್ದಂತೆ ತನ್ನ ದನಿ ಸಂತೆಯಲ್ಲಿ ಕುದುರೆ ಮಾರುವವನ ದನಿಯಾಗುತ್ತಿರುವುದು ಅವನಿಗೇ ಕೇಳಿಸಿತು. ಮೆಂಜೂ ಸಾಲು ಮುಗಿಯುವವರೆಗೆ ಹೆಣೆದ.

“ಬಯಲನ್ನೆಲ್ಲ ನೆಟ್ಟು ಮುಗಿಸಿದ್ರಿ,” ಎಂದ ಆಮೇಲೆ. “ಈಗ ನನ್ನನ್ನೂ ಒಂದು ಕಡೆ ನೆಡಬೇಕಾ?”

ಬೆರ್ತ್ರಾನನಿಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಸಮಾಧಾನ ಬಂತು. ಇಷ್ಟು ವರ್ಷದಲ್ಲಿ ಇದೇ ಮೊದಲು ಅಣ್ಣ ಆ ಮಾತನ್ನು ಬಾಯಿಂದ ಆಡಿದ್ದು. ಸಿದ್ಧವಾಗಿದ್ದ ಉತ್ತರಗಳಲ್ಲಿ ಒಂದನ್ನು ಎತ್ತಿಕೊಳ್ಳಲು ನೋಡಿದ. ಬಾಯಿಗೆ ಬಂದದ್ದು ಬೇರೆ ಮಾತು.

“ನನ್ನ ಕೈಲಿ ಆಗ್ತಿಲ್ಲ ಕಣಣ್ಣ. ಹತ್ತಿದ್ರೆ ಬೀಳ್ತೀನಿ.”

“ಬಿದ್ದೆಯಾ? ನೀನು?”

“ಬಿದ್ದೆ.”

“ಎಷ್ಟು ಸಲ?”

“ಕಿತೇರಿನ ಕೇಳು. ಅವಳು ಲೆಕ್ಕ ಇಟ್ಟಿದಾಳೆ.”

ಮೆಂಜೂ ಸೂಜಿಗಳನ್ನು ಉಣ್ಣೆಯ ಉಂಡೆಗೆ ಚುಚ್ಚಿದ. ಅವನು ನಕ್ಕದ್ದು ಮೂಗಿನಲ್ಲಿ, ಹೊರಗಿನವರಿಗೆ ಕೆಮ್ಮು ಎನ್ನಿಸಬೇಕು. ಯಾವ ಕಡೆಗೆ ವಾಲಿದಾಗ ಯಾವ ಕಡೆಗೆ ಚಕ್ರ ತಿರುಗಿಸುತ್ತೀಯ ಎಂದು ಕೇಳಿದ. ಎಡಕ್ಕೆ ವಾಲಿದರೆ ಬಲಕ್ಕೆ ಎಂದ ಬೆರ್ತ್ರಾನ್, ಮತ್ತೇನು ಎನ್ನುವ ಹಾಗೆ. ಬೀಳುವ ಕಡೆಗೇ ಹೆಜ್ಜೆ ಹಾಕಬೇಕು, ಅದನ್ನೂ ಮರೆತೆಯಲ್ಲೋ ಎಂದ ಮೆಂಜೂ. ಬೆರ್ತ್ರಾನನ ಕಿವಿ ಬಿಸಿಯಾಯಿತು. ಅಪ್ಪ ಹೇಳಿಕೊಟ್ಟದ್ದನ್ನೆಲ್ಲ ಎದೆಯಲ್ಲಿಟ್ಟುಕೊಂಡೇ ಊರಿಗೆ ಬಂದವನು ತಾನು ಎಂದುಕೊಂಡಿದ್ದ. ಎಲ್ಲವೂ ಇತ್ತು, ಅದೊಂದು ಮಾತ್ರ ಯಾವಾಗಲೋ ಜಾರಿಹೋಗಿತ್ತು.

ಓಣಿಯಲ್ಲಿ ಮೆಂಜೂ ಕಟ್ಟೆಯ ಮೇಲಿಂದ ಸೀಟಿಗೆ ಕಾಲು ಹಾಕಿದ. ಮೊದಲ ಸಲ ಹ್ಯಾಂಡಲು ಹಾವಿನಂತೆ ಹೊರಳಿತು. ಎರಡನೆಯ ಸಲ ಓಣಿಯ ಕೊನೆಯವರೆಗೂ ಹೋದ. ಅಲ್ಲಿ ಹುಲ್ಲಿನ ಬಣವೆ ಇತ್ತು, ಬಣವೆಗೆ ಹೋಗಿ ತಾಕಿ ನಿಂತ. ಮೂರನೆಯ ಸಲವೂ ಬಣವೆಯೇ ನಿಲ್ಲಿಸಿತು. ಅಷ್ಟರಲ್ಲಿ ರೈಲಿನ ಶಿಳ್ಳೆ ಕೇಳಿಸಿದ್ದರಿಂದ, ಬಣವೆ ಇಲ್ಲದ ಕಡೆ ಏನು ಮಾಡುವುದು ಎಂಬುದು ಅಣ್ಣನಿಗೂ ಹೊಳೆಯಲಿಲ್ಲ, ತಮ್ಮನಿಗೂ ಹೊಳೆಯಲಿಲ್ಲ.

ಇಗರ್ಜಿಯ ಮುಂದಿನ ಚೌಕದಲ್ಲಿ ಊರೇ ಸೇರಿತ್ತು. ವಿಷಯ ಹೇಗೆ ಹರಡಿತೋ ಬೆರ್ತ್ರಾನನಿಗೆ ಗೊತ್ತಿಲ್ಲ ಎಂದರೆ ಯಾರೂ ನಂಬಬೇಡಿ, ಪಾದ್ರಿಯ ಕಿವಿಗೂ ಹಾಕಿದವನು ಅವನೇ. ಮಸ್ಯೂ ತಾಸ್ತೆ ದಪ್ಪಗೆ ಕುಳ್ಳಗೆ ಇದ್ದ, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ. ಕೂತರೆ ಕಾಲು ನೆಲ ಮುಟ್ಟದ ಆ ಸೀಟನ್ನು ಅಂಗೈಯಲ್ಲಿ ತಟ್ಟಿ, ಇದು ಜಿರಾಫೆಗೆ ಮಾಡಿದ್ದೋ ಎಂದು ಕೇಳಿದ. ಜನ ನಕ್ಕರು. ಬೆರ್ತ್ರಾನ್ ತಾನೂ ನಕ್ಕ. ನೋಡಿ ಆಮೇಲೆ ಹೇಳಿ ಎಂದ. ಕಾದ ಕಬ್ಬಿಣ ಯಾವ ಬಣ್ಣಕ್ಕೆ ಬಂದಾಗ ಬಗ್ಗುತ್ತದೆ ಎಂದು ಗೊತ್ತಿರುವವನ ಧೈರ್ಯ ಅದು. ಮೆಂಜೂ ಕೊಳಾಯಿಯ ಕಟ್ಟೆ ಹತ್ತಿ, ಅಲ್ಲಿಂದ ಗಾಡಿಗೆ ಕಾಲು ಹಾಕಿ, ಕಟ್ಟೆಯನ್ನು ಒದ್ದು ಹೊರಟ.

ಹೋಯಿತು. ಎಷ್ಟು ಸಲೀಸಾಗಿ ಹೋಯಿತೆಂದರೆ ಮೊದಲು ಯಾರಿಗೂ ಅದು ಆಶ್ಚರ್ಯ ಎಂದೇ ಅನ್ನಿಸಲಿಲ್ಲ. ಕಬ್ಬಿಣದ ಪಟ್ಟಿ ಕಲ್ಲುಹಾಸಿನ ಮೇಲೆ ಗಡಗಡ ಸದ್ದು ಮಾಡಿತು, ಮೆಂಜೂನ ಮೊಣಕಾಲುಗಳು ಒಂದಾದ ಮೇಲೊಂದು ಎದ್ದು ಇಳಿದವು, ಅವನ ಎರಡು ಪಾದಗಳೂ ನೆಲದಿಂದ ಮೇಲಿದ್ದವು. ಒಬ್ಬ ಮುದುಕಿ ಶಿಲುಬೆಯ ಗುರುತು ಮಾಡಿಕೊಂಡಾಗಲೇ ಉಳಿದವರಿಗೆ ಗೊತ್ತಾದದ್ದು ತಾವು ಏನನ್ನು ನೋಡುತ್ತಿದ್ದೇವೆ ಎಂದು. ಬೆರ್ತ್ರಾನ್ ನೋಡಿದ್ದು ಗಾಡಿಯನ್ನಲ್ಲ. ಅಣ್ಣನ ಮುಖ ಚೌಕದ ಆ ತುದಿಯಲ್ಲಿ ತಿರುಗಿದಾಗ ಅದು ಮತ್ತೆ ಎತ್ತರದಿಂದ ದೂರಕ್ಕೆ ನೋಡುವ ಮುಖವಾಗಿತ್ತು, ಕಾಲಿನ ಹಂಗಿಲ್ಲದ ಮುಖ, ಹಿಂದಕ್ಕೆ ನಡೆಯುತ್ತ ತನ್ನನ್ನು ಬಯಲಿಗೆ ಕರೆದುಕೊಂಡು ಹೋದ ಮುಖ. ಮಾಡಿದೆ, ನಾನು ಮಾಡಿದೆ, ಎಂದು ಒಳಗೆ ಒಂದು ದನಿ ಹೇಳುತ್ತಲೇ ಇತ್ತು. ತಾಸ್ತೆ ಕರವಸ್ತ್ರ ಮರೆತು ಅವನ ತೋಳು ಹಿಡಿದು, ಯಾರದು ಆ ಸವಾರ, ಸರ್ಕಸ್ಸಿನವನಾ ಎಂದು ಕೇಳಿದ. ಬೆರ್ತ್ರಾನ್ ಬಾಯಿ ತೆರೆಯುವಷ್ಟರಲ್ಲಿ ಮೆಂಜೂ ಸುತ್ತು ಮುಗಿಸಿ ಅವರಿಬ್ಬರ ಮುಂದೆಯೇ ವೇಗ ತಗ್ಗಿಸಿದ.

ಅಲ್ಲಿ ಅವನು, ಬಯಲಿನವನಲ್ಲದೆ ಲೋಕದಲ್ಲಿ ಬೇರೆ ಯಾರೂ ಮಾಡಲಾರದ ತಪ್ಪೊಂದನ್ನು ಮಾಡಿದ. ಮರಗಾಲಿನ ಮೇಲಿರುವವನು ನಿಲ್ಲಬೇಕಾದರೆ ಜೊತೆಯಲ್ಲಿ ಒಯ್ಯುವ ಉದ್ದನೆಯ ಕೋಲನ್ನು ಹಿಂದಕ್ಕೆ ಊರಿ ಅದರ ತುದಿಯ ಮೇಲೆ ಒರಗಿ ಕೂರುತ್ತಾನೆ. ಮೂರು ಕಾಲಿನ ಸ್ಟೂಲಿನಂತೆ ದಿನವಿಡೀ ಹಾಗೆ ಕೂತು ಕುರಿ ನೋಡುತ್ತಾನೆ, ಕಾಲುಚೀಲ ಹೆಣೆಯುತ್ತಾನೆ. ಅದು ಯೋಚಿಸಿ ಮಾಡುವುದಲ್ಲ, ಬೆನ್ನಿಗೆ ಗೊತ್ತಿರುವುದು. ಮೆಂಜೂ ಹ್ಯಾಂಡಲು ಬಿಟ್ಟ. ತೃಪ್ತಿಯಿಂದ, ಒಂದಿಷ್ಟೂ ಅವಸರವಿಲ್ಲದೆ, ಇಡೀ ಮೈಯನ್ನು ಹಿಂದಕ್ಕೆ ಒರಗಿಸಿದ. ಹಿಂದೆ ಏನೂ ಇರಲಿಲ್ಲ. ಕಲ್ಲುಹಾಸಿನ ಮೇಲೆ ಅಂಗಾತ ಬಿದ್ದ, ಗಾಡಿ ಅವನ ಕಾಲುಗಳ ಮೇಲೆ ಬಿತ್ತು.

ಚೌಕ ಗೊಳ್ಳೆಂದಿತು. ಬೆರ್ತ್ರಾನ್ ಆ ನಗೆಯನ್ನು ಗುರುತು ಹಿಡಿದ. ತನ್ನ ಕೊಕ್ಕರೆ ನಡಿಗೆಯನ್ನು ನೋಡಿ ನಕ್ಕ ಅದೇ ನಗೆ, ಅದೇ ಬಾಯಿಗಳು. ಗುರುತು ಹಿಡಿದೂ ತನ್ನ ಬಾಯಿಯೂ ಅಗಲವಾಗುತ್ತಿರುವುದು ಅವನಿಗೆ ತಿಳಿಯಿತು. ತಾಸ್ತೆ ಕಣ್ಣೊರೆಸಿಕೊಳ್ಳುತ್ತ ಮತ್ತೆ ಕೇಳಿದ, ಯಾರಪ್ಪಾ ಅವನು? ಯಾರೋ ಬಯಲಿನವನು ಮಸ್ಯೂ, ಕುರಿ ಕಾಯುತ್ತಿದ್ದ, ಅಭ್ಯಾಸವಿಲ್ಲ ಎಂದ ಬೆರ್ತ್ರಾನ್. ತಾನು ಹೇಳಿದ್ದು ತನಗೇ ತಡವಾಗಿ ಕೇಳಿಸಿತು. ಮೆಂಜೂ ಅಲ್ಲೇ ನೆಲದ ಮೇಲಿದ್ದ, ಮಾತು ಕೇಳದಷ್ಟು ದೂರದಲ್ಲಿರಲಿಲ್ಲ. ಅವನು ಗಾಡಿಯನ್ನು ಪಕ್ಕಕ್ಕೆ ಸರಿಸಿ ಎದ್ದ, ತಮ್ಮನ ಕಡೆ ನೋಡಲಿಲ್ಲ, ಕೈ ಕೊಡಲು ಬಂದ ಒಬ್ಬನನ್ನೂ ಹತ್ತಿರ ಬಿಡಲಿಲ್ಲ. ಗಾಡಿಯನ್ನು ತಾನೇ ತಳ್ಳಿಕೊಂಡು ಹೋಗಿ ಮತ್ತೆ ಕೊಳಾಯಿಯ ಕಟ್ಟೆ ಹತ್ತಿದ.

ಮತ್ತೆ ಹೋಯಿತು ಗಾಡಿ. ಈ ಸಲ ಜನ ನಗುವುದಕ್ಕೆ ತಯಾರಾಗಿ ನೋಡುತ್ತಿದ್ದರು. ತಾಸ್ತೆ ಗುಂಗಿನಲ್ಲಿದ್ದ. ಸೀಟು ಮೊಳದಷ್ಟು ಕೆಳಗಿಳಿಯಬೇಕು, ದೊಡ್ಡವರ ಮಕ್ಕಳಿಗೆ ಕಾಲೂರಲು ಸಿಗಬೇಕು, ಅಷ್ಟಾದರೆ ಮೊದಲ ಹನ್ನೆರಡು ಗಾಡಿ ನಾನೇ ತೆಗೆದುಕೊಳ್ಳುತ್ತೇನೆ, ಸವಾರನಾಗಿ ಬೋರ್ದೋದಿಂದ ನೋಡುವಂತಿರುವ ಒಬ್ಬ ಹುಡುಗನನ್ನು ಕಳಿಸುತ್ತೇನೆ ಎಂದು ಹೇಳುತ್ತ ಹೋದ. ಬೆರ್ತ್ರಾನ್ ಬಯಸಿದ ಮಾತು ಒಂದೊಂದಾಗಿ ಆ ಬಾಯಿಂದ ಬೀಳುತ್ತಿತ್ತು. ಅವನ ಕಣ್ಣು ಮಾತ್ರ ಗಾಡಿಯ ಮೇಲಿತ್ತು. ಮೆಂಜೂ ಒಂದು ಸುತ್ತು ಬಂದ, ನಿಲ್ಲಲಿಲ್ಲ. ಇನ್ನೊಂದು ಸುತ್ತು ಬಂದ. ಅವನಿಗೆ ನಿಲ್ಲಿಸುವುದು ಗೊತ್ತಿಲ್ಲ, ಗೊತ್ತಿಲ್ಲ ಎಂದು ಅವನು ಕೂಗಿ ಹೇಳುವವನೂ ಅಲ್ಲ. ದಣಿಯುತ್ತಾನೆ, ದಣಿದಾಗ ಬೆನ್ನು ತನಗೆ ಗೊತ್ತಿರುವುದನ್ನೇ ಮಾಡುತ್ತದೆ. ಈ ಜನರ ಮುಂದೆ ಇನ್ನೊಂದು ಸಲ ಬಿದ್ದರೆ ಅವನು ಈ ಊರಿನಲ್ಲಿ ಇರುವುದಿಲ್ಲ, ಹೋಗಲು ಅವನಿಗೆ ಬಯಲೂ ಇಲ್ಲ. ಇದು ಬೆರ್ತ್ರಾನನಿಗೆ ಅಚ್ಚು ನೇರವಾಗಿದೆ ಎಂಬುದು ಗೊತ್ತಿರುವಷ್ಟೇ ಸ್ಪಷ್ಟವಾಗಿ ಗೊತ್ತಾಯಿತು.

ತಾಸ್ತೆ ವಾಕ್ಯದ ನಡುವೆ ಇದ್ದ. ಬೆರ್ತ್ರಾನ್ ಅವನ ಕೈಯಿಂದ ತೋಳು ಬಿಡಿಸಿಕೊಂಡು ಚೌಕದ ನಡುವಿಗೆ ನಡೆದ. ಭಾನುವಾರದ ಕೋಟು, ಮಡಿ ಕಾಲರು, ಊರಿನ ದೊಡ್ಡ ಕಮ್ಮಾರ ಕೋಲಿನಂತೆ ಹೋಗಿ ಒಂದು ಕಡೆ ನಿಲ್ಲುವುದನ್ನು ನೋಡಿ ಯಾರೋ ಶಿಳ್ಳೆ ಹಾಕಿದರು. ಅಣ್ಣ ಆ ತುದಿಯಲ್ಲಿ ತಿರುಗಿದ. ತಮ್ಮ ಅಲ್ಲಿ ನಿಂತಿರುವುದು ಅವನಿಗೆ ಕಂಡಿತು, ಯಾಕೆ ನಿಂತಿದ್ದಾನೆ ಎಂಬುದೂ ತಿಳಿಯಿತು. ಹುಬ್ಬು ಒಂದಿಷ್ಟು ಮೇಲೆ ಹೋದದ್ದನ್ನು ಬೆರ್ತ್ರಾನ್ ನೋಡಿದ. ಮೆಂಜೂ ಬೇಕಾದರೆ ಹಾಗೇ ಹೋಗಿಬಿಡಬಹುದು. ಚೌಕದಾಚೆಯ ರಸ್ತೆ ಹಿಡಿದು ಪೈನ್ ಮರಗಳ ನಡುವೆ ಹೋಗಿ ಎಲ್ಲಾದರೂ ಒಬ್ಬನೇ ಬೀಳಬಹುದು. ಬೆರ್ತ್ರಾನನಿಗೆ ಕರೆಯಬೇಕೆನ್ನಿಸಿತು. ಕರೆಯುವ ಹಕ್ಕನ್ನು ಈಗ ತಾನೇ ಕಳೆದುಕೊಂಡವನು ಯಾವ ಬಾಯಿಂದ ಕರೆಯಬೇಕು. ತೋಳುಗಳನ್ನು ಮುಂದೆ ಚಾಚಿ, ಕಾಲು ಅಗಲಿಸಿ, ಸುಮ್ಮನೆ ನಿಂತ.

ಗಾಡಿ ಅವನ ಪಕ್ಕದಲ್ಲಿ ಹಾದುಹೋಗುವಂತೆ ಬಂತು, ನಿಧಾನವಾಯಿತು. ಮೆಂಜೂ ಮುಂದಕ್ಕೆ ನೋಡುತ್ತಿದ್ದ. ಹ್ಯಾಂಡಲು ಬಿಟ್ಟ. ಬೆರ್ತ್ರಾನ್ ಒಂದು ಹೆಜ್ಜೆಯಲ್ಲಿ ಅವನ ಹಿಂದಾದ, ಮತ್ತು ಅಣ್ಣನ ಬೆನ್ನು, ಹೊಸ್ತಿಲ ಮೇಲೆ ಇಷ್ಟು ವರ್ಷ ನೋಡಿದ ಆ ಬೆನ್ನು, ಅವನ ಎದೆಗೆ ಬಂದು ಬಿತ್ತು. ಅಳೆದು ಕೊಟ್ಟ ಭಾರವಲ್ಲ ಅದು. ಹಿಂದೆ ಏನಿದೆ ಎಂದು ತಿರುಗಿ ನೋಡದೆ, ಒಂದು ಕೈಯನ್ನೂ ಕಾಯ್ದಿರಿಸಿಕೊಳ್ಳದೆ, ಒಬ್ಬ ಮನುಷ್ಯನಲ್ಲಿ ಎಷ್ಟು ತೂಕವಿರುತ್ತದೋ ಅಷ್ಟನ್ನೂ ಮೆಂಜೂ ಅವನ ಮೇಲೆ ಬಿಟ್ಟಿದ್ದ. ಬೆರ್ತ್ರಾನನ ಹಿಮ್ಮಡಿ ಕಲ್ಲುಹಾಸಿನ ಮೇಲೆ ಒಂದು ಬೆರಳಷ್ಟು ಜಾರಿ ನಿಂತಿತು. ಎರಡೂ ತೋಳಿನಿಂದ ಹಿಡಿದುಕೊಂಡ. ಕುರಿಯ ಉಣ್ಣೆಯ ವಾಸನೆ ಮೂಗಿಗೆ ಬಂತು. ಯಾರೂ ನಗಲಿಲ್ಲ, ಅಥವಾ ನಕ್ಕರೋ ಏನೋ, ಅವನು ಕೇಳಿಸಿಕೊಳ್ಳಲಿಲ್ಲ.

ತಾಸ್ತೆ ಏದುಸಿರು ಬಿಡುತ್ತ ಹತ್ತಿರ ಬಂದ. “ಏನ್ರೀ ಇದು, ನಿಮ್ಮ ಗಾಡಿ ನಿಲ್ಲಬೇಕಾದ್ರೆ ಹಿಂದೆ ಇನ್ನೊಬ್ಬ ಬೇಕಾ?”

“ಬೇಕು ಮಸ್ಯೂ,” ಎಂದ ಬೆರ್ತ್ರಾನ್. “ಆಗಲೇ ನೀವು ಇವನ್ಯಾರು ಅಂತ ಕೇಳಿದ್ರಿ, ನಾನು ಸುಳ್ಳು ಹೇಳ್ದೆ. ಇವನು ನಮ್ಮಣ್ಣ.”

ತಾಸ್ತೆ ಸೀಟಿನ ವಿಷಯವನ್ನು ಮತ್ತೆ ಮೊದಲಿನಿಂದ ಶುರುಮಾಡಿದ. ಬೆರ್ತ್ರಾನ್ ತಲೆಯಾಡಿಸುತ್ತಿದ್ದ, ಅದನ್ನೆಲ್ಲ ಮಾಡಬಹುದು, ಅದೇನು ದೊಡ್ಡ ಕೆಲಸವಲ್ಲ. ಹಿಡಿದ ತೋಳನ್ನೂ ಸಡಿಲಿಸಲಿಲ್ಲ, ಕಾಲನ್ನೂ ಕದಲಿಸಲಿಲ್ಲ. ಮೆಂಜೂ ಎರಡು ಪಾದವನ್ನೂ ಪೆಡಲಿನ ಮೇಲೆ ಇಟ್ಟುಕೊಂಡು, ತಲೆಯನ್ನು ತಮ್ಮನ ಭುಜಕ್ಕೆ ಒರಗಿಸಿ ಕೂತಿದ್ದ. ಇಳಿಯುವ ಅವಸರ ಅವನಿಗೇನೂ ಇದ್ದ ಹಾಗೆ ಕಾಣಲಿಲ್ಲ.